ಎನಿಫಾಳ ಎರಡು ತೋಳು

ಮೈಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚದೆ ಮನೆಯ ಹೊಸ್ತಿಲು ದಾಟುವವರು ಎರಡೇ ಬಗೆ, ಒಂದು ಕಳ್ಳರು, ಇನ್ನೊಂದು ಹುಚ್ಚರು ಎಂದು ಎನಿಫಾ ಹೇಳುತ್ತಿದ್ದಳು. ನಮ್ಮ ಹಳ್ಳಿ ಚಿಕೊಂಬೆಯಲ್ಲಿ ಈ ಮಾತನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಸ್ನಾನವಾಯಿತೋ, ಹಳದಿ ಡಬ್ಬಿಯ ಮುಚ್ಚಳ ತೆಗೆ, ಬೆರಳಿಗೆ ಒಂದಿಷ್ಟು ಜೆಲ್ಲಿ ಬಳಿದುಕೋ, ಮುಖ, ಕೈ, ಮೊಣಕಾಲು ಹೊಳೆಯುವ ತನಕ ತಿಕ್ಕು. ಮೈ ಬೂದು ಬೂದಾಗಿ ಕಂಡರೆ ಅದು ಬಡತನವಲ್ಲ, ದಿಕ್ಕಿಲ್ಲದಿರುವುದು. ಭಾನುವಾರ ಚರ್ಚಿನಲ್ಲಿ ಹೆಂಗಸರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆಂದು ಪಾದ್ರಿ ತಿಳಿದುಕೊಂಡಿದ್ದರೆ ಅದು ಅವರ ಒಳ್ಳೆಯತನ. ಅರ್ಧ ತೆರೆದ ಕಣ್ಣಲ್ಲಿ ಅವರು ಅಳೆಯುತ್ತಿದ್ದದ್ದು ಮುಂದಿನ ಸಾಲಿನ ಮಕ್ಕಳ ಮೊಣಕಾಲನ್ನು. ಆ ನ್ಯಾಯಾಲಯದಲ್ಲಿ ಎನಿಫಾಳದ್ದೇ ಕೊನೆಯ ತೀರ್ಪು.

ಅವಳು ಹೀಗಾದದ್ದಕ್ಕೆ ಕಾರಣ ಮಗಳು. ಹದಿನೈದು ವರ್ಷದ ಹಿಂದೆ ತಡಾಲ ಹುಟ್ಟಿದಾಗ ಕೂಸಿನ ಮೈ ಹಾಲಿನ ಬಣ್ಣಕ್ಕಿತ್ತು, ಕೂದಲು ಒಣಹುಲ್ಲಿನ ಬಣ್ಣಕ್ಕಿತ್ತು. ನೋಡಲು ಬಂದವರು ಬಾಗಿಲಲ್ಲೇ ನಿಂತು ನೋಡಿ ಹೋದರು. ಕೂಸನ್ನು ಎತ್ತಿಕೊಳ್ಳುತ್ತೇನೆಂದು ಕೈ ಚಾಚಿದವರು ಬೆರಳೆಣಿಕೆಯಷ್ಟು. ಗಂಡ ಸಾಂಡೆ ಕಬ್ಬಿನ ತೋಟದ ಕೆಲಸದವನು, ಭಾನುವಾರಕ್ಕೊಮ್ಮೆ ಮನೆಗೆ ಬರುವವನು. ಅವನು ಕೂಸನ್ನು ಎದೆಗೆ ಒತ್ತಿಕೊಂಡು, ನಮ್ಮನೆಗೆ ಬೆಳದಿಂಗಳು ಬಂದಿದೆ ಎಂದು ನಕ್ಕುಬಿಟ್ಟ. ಎನಿಫಾ ನಗಲಿಲ್ಲ. ನನ್ನ ಮಗಳ ಮೇಲೆ ಬೆರಳು ತೋರಿಸಲು ಯಾರಿಗೂ ಜಾಗ ಸಿಗಬಾರದು ಎಂದು ಅವತ್ತೇ ಹಟ ಹಿಡಿದಳು. ಇಡೀ ಚಿಕೊಂಬೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊಳೆಯುವ ಮಗು ತನ್ನದಾಗಿರಬೇಕು. ಹಾಗೆಯೇ ಆಯಿತು. ತಡಾಲ ಶಾಲೆಗೆ ಹೊರಟರೆ ಹೊಸ ತಟ್ಟೆಗೆ ಬಿಸಿಲು ಬಿದ್ದ ಹಾಗೆ ಕಾಣುತ್ತಿದ್ದಳು.

ಆರೋಗ್ಯ ಕೇಂದ್ರದಲ್ಲಿ, ಹುಟ್ಟಿನಿಂದಲೇ ಚರ್ಮಕ್ಕೆ ಬಣ್ಣವಿಲ್ಲದ ಇಂಥ ಮಕ್ಕಳಿಗೆಂದು ತಿಂಗಳಿಗೊಂದು ಡಬ್ಬಿ ಬಿಸಿಲು ಕ್ರೀಮು ಕೊಡುತ್ತಿದ್ದರು. ಎನಿಫಾ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಮೊದಲು ಜೆಲ್ಲಿ, ಅದರ ಮೇಲೆ ಕ್ರೀಮು. ಜೆಲ್ಲಿ ತಾಯಿಯ ಮರ್ಯಾದೆಗೆ, ಕ್ರೀಮು ಬಿಸಿಲಿಗೆ. ನಮ್ಮಲ್ಲಿ ಜೂನ್ ಜುಲೈ ಚಳಿಗಾಲ, ಆಗ ಯಾವ ತೊಂದರೆಯೂ ಕಾಣಲಿಲ್ಲ. ಉಳಿದ ತಿಂಗಳುಗಳಲ್ಲಿ ತಡಾಲ ತರಗತಿಯ ತಗಡಿನ ಕೆಳಗೆ, ಇಲ್ಲವೇ ಅಗಲ ಟೋಪಿ ಮತ್ತು ಉದ್ದ ತೋಳಿನ ಒಳಗೆ ಇರುತ್ತಿದ್ದಳು. ಹೀಗೆ ವರ್ಷಗಳು ನಡೆದವು, ಪದ್ಧತಿ ಸರಿಯಾಗಿದೆ ಎಂಬ ನಂಬಿಕೆ ಕಲ್ಲಿನಂತೆ ಗಟ್ಟಿಯಾಯಿತು.

ಆಮೇಲೆ ನೆಟ್‌ಬಾಲ್ ಬಂತು. ತಡಾಲಳ ದೃಷ್ಟಿ ಮಂದ. ಅಂಗಳದ ಆ ತುದಿಯಲ್ಲಿ ನಿಂತವರು ಅವಳಿಗೆ ಬರೀ ಆಕಾರ. ಆದರೆ ಕಂಬದ ಬಳಿ ನಿಲ್ಲಿಸಿ ಕೈಗೆ ಚೆಂಡು ಕೊಟ್ಟರೆ, ಉಂಗುರ ಎಷ್ಟು ಎತ್ತರ, ಎಷ್ಟು ದೂರ ಎನ್ನುವುದು ಅವಳ ಮೊಣಕೈಗೇ ಗೊತ್ತಿತ್ತು. ಹತ್ತಕ್ಕೆ ಎಂಟು ಒಳಗೆ. ದೂರದಿಂದ ಬರುವ ಚೆಂಡು ಕಾಣುವುದಿಲ್ಲವಲ್ಲ, ಅದಕ್ಕೆ ಜೊತೆಗಾತಿ ಲಿನಿಯಾ ಒಂದು ದಾರಿ ಕಂಡುಹಿಡಿದಳು. ಎಸೆಯುವ ಮೊದಲು ಚೆಂಡಿಗೆ ಫಟ್ಟೆಂದು ಒಂದು ಹೊಡೆತ. ಆ ಸದ್ದು ಬಂದ ಕಡೆಗೆ ತಡಾಲ ಕೈ ಒಡ್ಡಿದರೆ ಚೆಂಡು ಬಂದು ಅಂಗೈಯಲ್ಲಿ ಕೂರುತ್ತಿತ್ತು. ಇವರಿಬ್ಬರ ಬಲದಿಂದಲೇ ಚಿಕೊಂಬೆ ಮಾಧ್ಯಮಿಕ ಶಾಲೆ ಎಂದೂ ಕಾಣದ ಉಪಾಂತ್ಯ ಪಂದ್ಯ ಕಂಡಿತು.

ಹಿಂದಿನ ಪಂದ್ಯಗಳೆಲ್ಲ ಚಳಿಯಲ್ಲೇ ಮುಗಿದಿದ್ದವು, ಇದು ಬಂದದ್ದು ಅಕ್ಟೋಬರಿನ ಮೊದಲ ಶನಿವಾರ. ನಮ್ಮ ಕೆಳನಾಡಿನ ಅಕ್ಟೋಬರ್ ಎಂದರೆ ಕೋಳಿಗಳೂ ಸೆಕೆಗೆ ಕೊಕ್ಕು ತೆರೆದುಕೊಂಡು ಕೂರುವ ಕಾಲ. ಆಟದಲ್ಲಿ ಟೋಪಿ, ಉದ್ದ ತೋಳು ನಡೆಯುವುದಿಲ್ಲ, ತೋಳಿಲ್ಲದ ಅಂಗಿಯೇ ಸಮವಸ್ತ್ರ. ನಾಲ್ಕು ಪಾಳಿಯ ಆಟದಲ್ಲಿ ಎರಡನೇ ಪಾಳಿ ಮುಗಿಯುವ ಹೊತ್ತಿಗೆ ತಡಾಲಳ ಹಣೆಯಿಂದ ಬಿಳಿ ಗೆರೆಗಳು ಇಳಿದು ಕಣ್ಣಿಗೆ ಹೋದವು. ಅವಳು ಕಣ್ಣುಜ್ಜಿಕೊಂಡಳು, ಉರಿ ಇನ್ನೂ ಹೆಚ್ಚಾಯಿತು. ಕುತ್ತಿಗೆಯ ಮೇಲಿನ ಕ್ರೀಮು ಬೆವರಿನ ಜೊತೆ ಜಾರಿ ಅಂಗಿಯ ಕಾಲರಿನಲ್ಲಿ ಗಂಜಿಯಂತೆ ಸೇರಿತು. ಶಾಲೆ ಹೇಗೋ ಒಂದು ಗೋಲಿನಿಂದ ಗೆದ್ದಿತು. ಆದರೆ ಸಂಜೆಗೆ ತಡಾಲಳ ಭುಜ, ತೋಳು, ಕತ್ತು, ಮೂಗು ಕೆಂಡದಂತೆ ಕೆಂಪಾಗಿದ್ದವು. ಭಾನುವಾರ ಭುಜದ ಮೇಲೆ ಗುಳ್ಳೆ ಎದ್ದಿತು.

ಸೋಮವಾರ ಮುಖ್ಯಗುರು ಖೆಂಬೊ ಮೇಷ್ಟ್ರು ಎನಿಫಾಳನ್ನು ಕರೆಸಿದರು. ಅವರು ಕೆಟ್ಟವರಲ್ಲ, ಹೆದರಿದವರು. ಅಂತಿಮ ಪಂದ್ಯ ಇನ್ನು ಮೂರು ವಾರಕ್ಕೆ, ಜಿಲ್ಲಾ ಕೇಂದ್ರವಾದ ಬೋಮಾದಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಒಂದೇ ಒಂದು ಮರವಿಲ್ಲದ ಬಯಲಿನಲ್ಲಿ. ಮಗುವಿನ ಚರ್ಮ ಹಾಳಾದರೆ ಉತ್ತರ ಹೇಳುವವರು ಯಾರು ಎಂದರು. ಆಟ ಕಲಿಸುವ ಮೇಡಂ ಫೊಂಬೆ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ತಡಾಲಳ ಹೆಸರು ತಂಡದ ಪಟ್ಟಿಯಿಂದ ಹೋಯಿತು.

ತಡಾಲ ಅಳಲಿಲ್ಲ. ಅತ್ತಿದ್ದರೆ ಎನಿಫಾಳಿಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು. ಅಡುಗೆಮನೆಯ ನೆರಳಿನಲ್ಲಿ ಗೋಡೆಗೆ ಮುಖ ಮಾಡಿ ಕೂತ ಮಗಳು ಒಂದೇ ಮಾತು ಹೇಳಿದಳು. "ಸುಟ್ಟಿದ್ದು ವಾಸಿ ಆಗತ್ತಮ್ಮ. ಆದ್ರೆ ಆ ಕಂಬದ ಹತ್ರ ನಿಂತಾಗ ನನ್ನ ಬಣ್ಣ ಯಾರೂ ನೋಡಲ್ಲ, ಚೆಂಡು ಒಳಗೆ ಹೋಯ್ತಾ ಅಂತ ಮಾತ್ರ ನೋಡ್ತಾರೆ. ಅದೊಂದೇ ಜಾಗ ಇದ್ದಿದ್ದು ನಂಗೆ."

ದುಃಖ ಬಂದರೆ ಅದನ್ನು ಸಿಟ್ಟು ಮಾಡಿಕೊಳ್ಳುವುದು ಎನಿಫಾಳ ಜಾಯಮಾನ. ಕ್ರೀಮೇ ಸರಿಯಿಲ್ಲ, ಹಳಸಿದ್ದು ಕೊಟ್ಟಿದ್ದಾರೆ ಎಂದು ಹಾರಾಡಿದಳು. ನಾಳೆಯೇ ಆರೋಗ್ಯ ಕೇಂದ್ರಕ್ಕೆ ಹೋಗಿ ಆ ನರ್ಸಮ್ಮನ ನೀರಿಳಿಸುತ್ತೇನೆ ಎಂದಳು. ಅತ್ತೆ ಮೈನಾಲ ನಶ್ಯ ಏರಿಸುತ್ತಾ, ಇಳಿಸು ಇಳಿಸು, ಅವಳಾದರೂ ಸ್ವಲ್ಪ ತಣ್ಣಗಾಗಲಿ ಎಂದಳು. ಸೊಸೆಯ ಸಿಟ್ಟಿನಲ್ಲಿ ಮೈ ಕಾಯಿಸಿಕೊಳ್ಳುವುದು ಈ ಮುದುಕಿಗೆ ಹಳೆಯ ಚಟ.

ಮರುದಿನ ಜಗಳಕ್ಕೆ ಹೊರಡುವ ಮೊದಲು ಎನಿಫಾ ಮಗಳನ್ನು ಚಾಪೆಯ ಮೇಲೆ ಮಲಗಿಸಿ ಸುಟ್ಟಲ್ಲಿ ತಣ್ಣೀರ ಬಟ್ಟೆ ಇಟ್ಟಳು. ಭುಜ, ತೋಳು, ಕತ್ತು. ಆಮೇಲೆ ಕಾಲಿಗೆ ಬಂದಳು. ಬಟ್ಟೆ ಹಿಂಡಿಕೊಂಡು ಬಗ್ಗಿದವಳು ಹಾಗೇ ನಿಂತಳು. ಕಾಲು ಕೆಂಪಾಗಿರಲಿಲ್ಲ. ಆಟದ ಲಂಗ ಮೊಣಕಾಲಿನ ಮೇಲೆ ಮುಗಿಯುತ್ತದೆ, ಅಲ್ಲಿಂದ ಕೆಳಗೆ ಎಲ್ಲ ಬತ್ತಲೆ. ಬಿದ್ದ ಬಿಸಿಲು ಅದೇ, ಹಚ್ಚಿದ ಕ್ರೀಮೂ ಅದೇ ಡಬ್ಬಿಯದು. ಆದರೂ ಕಾಲು ಎಂದಿನ ಹಾಗೆ ಹಾಲಿನ ಬಣ್ಣದಲ್ಲಿ ತಣ್ಣಗಿತ್ತು.

ಕ್ರೀಮು ಹಳಸಿದ್ದರೆ ಕಾಲಿಗೂ ಹಳಸಿರಬೇಕಲ್ಲ. ಎನಿಫಾ ಆ ಶನಿವಾರದ ಬೆಳಗನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ನೋಡಿದಳು. ಜೆಲ್ಲಿ ಡಬ್ಬಿ ತಳ ಕಂಡಿತ್ತು. ಬೆರಳು ಹಾಕಿ ಗೋರಿ, ಜನ ನೋಡುವುದು ಮುಖ ತೋಳುಗಳನ್ನು ತಾನೇ ಎಂದು ಇದ್ದಷ್ಟನ್ನು ಮೇಲಿನ ಮೈಗೆ ಬಳಿದಿದ್ದಳು. ಕಾಲಿಗೆ ಸಾಲಲಿಲ್ಲ, ಬರೀ ಕ್ರೀಮು ಹಚ್ಚಿದ್ದಳು. ಬೂದು ಕಾಲಿನಲ್ಲಿ ಮಗಳನ್ನು ಕಳಿಸಿದೆನಲ್ಲ ಎಂದು ಅವತ್ತು ದಾರಿಯುದ್ದಕ್ಕೂ ನೊಂದುಕೊಂಡಿದ್ದಳು.

ಅವಳು ಆರೋಗ್ಯ ಕೇಂದ್ರಕ್ಕೆ ಹೋಗಲಿಲ್ಲ. ತಪ್ಪು ಬೇರೆಯವರದಾಗಿದ್ದರೆ ಊರೆಲ್ಲ ಸಾರುವುದು ಸುಲಭ. ಇದು ತನ್ನ ಕೈಯದೇ, ಅದೂ ಪ್ರೀತಿಯಿಂದ ಮಾಡಿದ್ದು, ಅದೂ ಹೆಮ್ಮೆಯಿಂದ ಮಾಡಿದ್ದು. ನುಂಗಲು ಬಹಳ ಹೊತ್ತು ಹಿಡಿಯಿತು.

ಬುಧವಾರ ಬೆಳಿಗ್ಗೆ ಅವಳು ತನ್ನ ಎಡತೋಳಿಗೆ ಪಕ್ಕದ ಮನೆಯಿಂದ ತಂದ ಜೆಲ್ಲಿ ತಿಕ್ಕಿ, ಅದರ ಮೇಲೆ ಮಗಳ ಕ್ರೀಮು ಹಚ್ಚಿದಳು. ಬಲತೋಳನ್ನು ಒರೆಸಿ ಒಣಗಿಸಿ ಬರೀ ಕ್ರೀಮು ಹಚ್ಚಿದಳು. ಅಂಗಳದ ನಡುಬಿಸಿಲಿಗೆ ಮರದ ಒರಳು ಎಳೆದುಕೊಂಡು ಒಂದು ಬುಟ್ಟಿ ಜೋಳ ಕುಟ್ಟಿದಳು. ನಮ್ಮ ಅಕ್ಟೋಬರಿನಲ್ಲಿ ಒನಕೆ ಹಿಡಿದರೆ ಬೆವರಿಗೆ ಕರೆ ಕಳಿಸಬೇಕಾಗಿಲ್ಲ. ಅರ್ಧ ಬುಟ್ಟಿಗೇ ಎಡತೋಳಿನ ಬಿಳುಪು ಜಾರಿ ಮೊಣಕೈಯಿಂದ ತೊಟ್ಟಿಕ್ಕಿತು, ಕೆಳಗೆ ಕಪ್ಪು ಚರ್ಮ ತೊಳೆದಂತೆ ಹೊಳೆಯಿತು. ಬಲತೋಳಿನ ಮೇಲೂ ಬೆವರು ಮೂಡಿತ್ತು, ಆದರೆ ಬಿಳುಪು ಹಿಟ್ಟು ಮೆತ್ತಿದ ಹಾಗೆ ಅಲ್ಲೇ ಇತ್ತು. ಎನಿಫಾ ಒನಕೆ ನಿಲ್ಲಿಸಿ ಎರಡು ತೋಳನ್ನೂ ನೋಡಿದಳು. ಆಮೇಲೆ ಒನಕೆಯನ್ನು ಕೆಳಗಿಟ್ಟು, ಒರಳನ್ನು ತಲೆಯ ಮೇಲೆ ಹೊತ್ತುಕೊಂಡು ಶಾಲೆಗೆ ಹೋದಳು. ಒನಕೆ ಮರೆತದ್ದು ಅರ್ಧ ದಾರಿಯಲ್ಲಿ ನೆನಪಾಗಿ ಮತ್ತೆ ಬರಬೇಕಾಯಿತು. ಮೈನಾಲ ಅದನ್ನು ಇಂದಿಗೂ ಹೇಳಿಕೊಂಡು ನಗುತ್ತಾಳೆ.

ಶಾಲೆಯಲ್ಲಿ ಊಟದ ಬಿಡುವು. ಧ್ವಜದ ಕಂಬದ ಬಳಿ ಒರಳು ಇಳಿಸಿ, ಖೆಂಬೊ ಮೇಷ್ಟ್ರನ್ನೂ ಮೇಡಂ ಫೊಂಬೆಯನ್ನೂ ಹೊರಗೆ ಕರೆಸಿದಳು. ತೊಳೆದು ಬಂದಿದ್ದ ತೋಳುಗಳಿಗೆ ಅವರ ಕಣ್ಣೆದುರೇ ಮತ್ತೆ ಹಚ್ಚಿದಳು, ಎಡಕ್ಕೆ ಎರಡೂ, ಬಲಕ್ಕೆ ಒಂದೇ. ಏನಮ್ಮ ಇದು, ಹಬ್ಬವೇ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಗಡಿಯಾರ ನೋಡಿಕೊಂಡು ನಿಂತಿರಿ ಎಂದಷ್ಟೇ ಹೇಳಿ ಕುಟ್ಟತೊಡಗಿದಳು. ಮಕ್ಕಳು ಸುತ್ತ ನೆರೆದರು. ಒನಕೆಯ ಲಯಕ್ಕೆ ಯಾರೋ ಚಪ್ಪಾಳೆ ಹಾಕಿದರು, ಉಳಿದವರು ಜೊತೆಗೂಡಿದರು. ಮೇಡಂ ಫೊಂಬೆಯ ಮುಖದಲ್ಲಿ ಮೊದಲು ನಗು ಇತ್ತು, ಸ್ವಲ್ಪ ಹೊತ್ತಿಗೆ ನಗು ಹೋಗಿ ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. ಎಡತೋಳಿನಿಂದ ಒರಳಿನ ಬಾಯಿಗೆ ಬಿಳಿ ಹನಿಗಳು ಬೀಳುತ್ತಿದ್ದವು.

ಎನಿಫಾ ಒನಕೆ ನಿಲ್ಲಿಸಿ ತೋಳುಗಳನ್ನು ಮುಂದೆ ಚಾಚಿದಳು. ನೆರೆದವರಲ್ಲಿ ಚರ್ಚಿನ ಹೆಂಗಸರ ಮಕ್ಕಳು ಎಷ್ಟೋ ಇದ್ದರು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಒಲೆ ಒಲೆಗೂ ಮುಟ್ಟುತ್ತದೆ.

"ನೋಡಿ ಮೇಷ್ಟ್ರೇ," ಎಂದಳು. "ನನ್ನ ಮಗಳನ್ನ ಸುಟ್ಟಿದ್ದು ಬಿಸಿಲಲ್ಲ, ಆಟವೂ ಅಲ್ಲ. ಈ ಎಡಗೈ. ಹೊಳೀಲಿ ಅಂತ ಜೆಲ್ಲಿ ಬಳ್ದು ಬಳ್ದು, ಕಾಯೋ ಕ್ರೀಮು ನಿಲ್ಲೋಕೆ ಜಾಗಾನೇ ಇಡ್ಲಿಲ್ಲ ನಾನು. ಹದಿನೈದು ವರ್ಷ ನಾನೇ ಜಾಣೆ ಅಂದ್ಕೊಂಡಿದ್ದೆ. ತಪ್ಪು ನಂದು. ಅದಕ್ಕೆ ಶಿಕ್ಷೆ ಅವಳಿಗೆ ಕೊಡಬೇಡಿ."

ಖೆಂಬೊ ಮೇಷ್ಟ್ರು ಅವಳ ಬಲತೋಳನ್ನು ಬೆರಳಿನಿಂದ ಮುಟ್ಟಿ, ಬೆರಳಿಗೆ ಅಂಟಿದ ಬಿಳುಪನ್ನು ನೋಡಿಕೊಂಡರು. ಎನಿಫಾಳಂಥ ಎನಿಫಾ ನೂರು ಮಕ್ಕಳ ಮುಂದೆ ತಪ್ಪು ನನ್ನದು ಎನ್ನುವುದನ್ನು ಕೇಳಿದ ಮೇಲೆ ಬೇರೆ ಸಾಕ್ಷಿ ಕೇಳಲು ಅವರಿಗೆ ಬಾಯಿ ಬರಲಿಲ್ಲ. ಆದರೂ ಒಂದು ಕರಾರು ಹಾಕಿದರು. ಮೈ ಪೂರ್ತಿ ವಾಸಿಯಾಗಿರಬೇಕು. ಪ್ರತಿ ಪಾಳಿ ಮುಗಿದಾಗ ತಾಯಿಯೇ ಮೈ ನೋಡಬೇಕು, ಎಲ್ಲಾದರೂ ಕೆಂಪು ಕಂಡರೆ ತಾಯಿಯೇ ಬಂದು ಹೇಳಬೇಕು. ಹೇಳಿದ ಕ್ಷಣ ಹುಡುಗಿ ಹೊರಗೆ. ಎನಿಫಾ ಒಪ್ಪಿಕೊಂಡಳು. ಅವಳ ಮಾತು ಎಂದರೆ ಮಾತು ಎನ್ನುವುದು ಮೇಷ್ಟ್ರಿಗೂ ಗೊತ್ತಿತ್ತು.

ಮುಂದಿನ ಎರಡೂವರೆ ವಾರ ಆ ಮನೆಯಲ್ಲಿ ಎಲ್ಲವೂ ತಿರುವುಮುರುವಾಯಿತು. ಗುಳ್ಳೆ ಒಣಗುವ ತನಕ ತಡಾಲ ಹಗಲು ಹೊರಗೆ ಬರಲಿಲ್ಲ. ಆಮೇಲೆ ಮೇಡಂ ಫೊಂಬೆ ಇಡೀ ತಂಡದ ಅಭ್ಯಾಸವನ್ನೇ ಬೆಳಗಿನ ಮಬ್ಬಿಗೆ ಬದಲಾಯಿಸಿದಳು. ಬೆಚ್ಚನೆ ನೀರಿನ ಸ್ನಾನ ಹೋಗಿ ತಣ್ಣೀರು ಬಂತು. ಗಸಗಸ ಉಜ್ಜುವ ಒರಟು ನಾರು ಹೋಗಿ ಬರಿಗೈ ಬಂತು. ಮೈ ಒರೆಸಿ, ಬಟ್ಟೆಯಿಂದ ಗಾಳಿ ಬೀಸಿ ಪೂರ್ತಿ ಒಣಗಿಸಿದ ಮೇಲೆ ಕ್ರೀಮು. ಹಚ್ಚಿದ ಕೂಡಲೇ ಹೊರಡುವಂತಿಲ್ಲ, ಗಂಜಿ ಕುಡಿದು ಮುಗಿಸುವಷ್ಟು ಹೊತ್ತು ಕೂರಬೇಕು, ಚರ್ಮ ಅದನ್ನು ಹಿಡಿದುಕೊಳ್ಳಬೇಕು. ಕಿವಿಯ ಹಿಂದೆ, ಕೂದಲ ಬೈತಲೆ, ಮೊಣಕಾಲ ಮಡಿಕೆ, ಒಂದೂ ಬಿಡುವಂತಿಲ್ಲ. ಜೆಲ್ಲಿಯನ್ನು ರಾತ್ರಿ ಮಲಗುವಾಗ ಮಾತ್ರ ಹಚ್ಚಬಹುದು, ಅದೂ ತೆಳ್ಳಗೆ.

ಕಷ್ಟವಾದದ್ದು ಎನಿಫಾಳಿಗೆ. ಬರೀ ಕ್ರೀಮು ಹಚ್ಚಿದ ತಡಾಲ ಹಿಟ್ಟಿನಲ್ಲಿ ಹೊರಳಿಸಿದ ಮೀನಿನಂತೆ ಕಾಣುತ್ತಿದ್ದಳು. ಹೊಳಪೆಂಬುದು ಮಚ್ಚೆಯಷ್ಟೂ ಇಲ್ಲ. ಮೊದಲ ದಿನ ಹಾಗೆ ಹೊರಟ ಮಗಳನ್ನು ನೋಡಿ ಎನಿಫಾ ಬೇಲಿಯ ತನಕ ಓಡಿಹೋಗಿ, ಮೊಣಕಾಲಿಗಾದರೂ ಒಂದಿಷ್ಟು ಎಂದು ಬಾಯಿ ತೆರೆದು, ಕಷ್ಟಪಟ್ಟು ಮುಚ್ಚಿಕೊಂಡಳು. ಮೈನಾಲ ಬಿಡುವವಳೇ. ತಾಯಿ ಸತ್ತ ಕೂಸಿನ ಹಾಗೆ ಬೋಮಾಕ್ಕೆ ಕಳಿಸುತ್ತೀಯಾ, ಜನ ಉಗಿಯುವುದು ನನ್ನ ಮಗನ ಮನೆಗೆ ಎಂದಳು. ಎನಿಫಾ ಮೊದಲ ಬಾರಿಗೆ ಅತ್ತೆಗೆ ಸಿಟ್ಟಿಲ್ಲದೆ ಉತ್ತರಿಸಿದಳು. "ಉಗೀಲಿ ಬಿಡಿ ಅತ್ತೆ. ಉಗುಳು ಒರೆಸ್ಕೋಬಹುದು, ಗುಳ್ಳೆ ಒರೆಸ್ಕೊಳ್ಳೋಕಾಗಲ್ಲ."

ಮುದುಕಿ ಮತ್ತೊಂದು ಚಿಟಿಕೆ ನಶ್ಯ ಏರಿಸಿ ಬೇರೆಯೇ ಒಂದು ಮಾತು ತೆಗೆದಳು. ಕ್ರೀಮಿನ ಡಬ್ಬಿಯನ್ನು ಕಿಟಕಿಯ ಬಳಿ ಇಡುತ್ತೀಯಲ್ಲ, ಅದು ಮಧ್ಯಾಹ್ನಕ್ಕೆ ನೀರು ಬೇರೆ ಎಣ್ಣೆ ಬೇರೆಯಾಗುವುದನ್ನು ನೋಡಿಲ್ಲವೇ, ಕಣ್ಣೇನು ಗಿರವಿ ಇಟ್ಟಿದ್ದೀಯಾ ಎಂದಳು. ಹುಳಿ ಬಾರದಿರಲೆಂದು ತಾನು ತೊಬ್ವಾ ಎಂಬ ಜೋಳದ ಸಿಹಿ ಪೇಯ ಇಡುವ ಮಡಕೆಯಿದೆ, ಒದ್ದೆ ಮರಳಿನಲ್ಲಿ ಕುತ್ತಿಗೆ ತನಕ ಹೂತದ್ದು. ಅದರ ಪಕ್ಕದಲ್ಲೇ ಇನ್ನೊಂದು ಪುಟ್ಟ ಮಡಕೆಗೆ ಒದ್ದೆ ಮರಳು ತುಂಬಿ ಡಬ್ಬಿಯನ್ನು ಅದರಲ್ಲಿ ನೆಟ್ಟಳು. ಸಂಜೆ ತೆಗೆದಾಗ ಕ್ರೀಮು ಬಾವಿಯಿಂದ ಬಂದ ಹಾಗೆ ತಣ್ಣಗೆ, ಗಟ್ಟಿಯಾಗಿತ್ತು. ಪಂದ್ಯದ ದಿನ ಆ ಮಡಕೆಯನ್ನು ತಾನೇ ಹೊರುತ್ತೇನೆ, ಸೊಸೆಯ ಕೈಗೆ ಕೊಟ್ಟರೆ ದಾರಿಯಲ್ಲಿ ಮರೆತು ಬರುತ್ತಾಳೆ ಎಂದು ಸೇರಿಸಿದಳು.

ಆ ಶನಿವಾರ ಲಾರಿಯ ಹಿಂದೆ ಕೂತು ಚಿಕೊಂಬೆಯ ಅರ್ಧ ಜನ ಬೋಮಾಕ್ಕೆ ಹೋದರು. ಚರ್ಚಿನ ಹೆಂಗಸರೆಲ್ಲ ಮಡಿ ಮಾಡಿದ ಬಟ್ಟೆಯಲ್ಲಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆಯಲ್ಲಿ ಬಂದಿದ್ದರು. ಮದುವೆಯಾದವಳು ಬರಿತಲೆಯಲ್ಲಿ ಹೊರಗೆ ಕಾಣಿಸಿಕೊಳ್ಳುವುದು ನಮ್ಮಲ್ಲಿ ನಾಚಿಕೆ. ಎನಿಫಾ ತನ್ನ ನೀಲಿ ಹೂವಿನ ತಲೆಬಟ್ಟೆಯನ್ನು ಇಸ್ತ್ರಿ ಮಾಡಿ ಕಟ್ಟಿದ್ದಳು. ಮೈದಾನದ ನೆಲ ಕಾದ ಹೆಂಚಿನಂತಿತ್ತು. ತಡಾಲ ಬಣ್ಣಗೆಟ್ಟ ಹಿಟ್ಟಿನ ಮೈಯಲ್ಲಿ ಕಂಬದ ಬಳಿ ಹೋಗಿ ನಿಂತಾಗ ಎದುರಾಳಿಗಳ ಕಡೆಯಿಂದ ನಗು ಎದ್ದಿತು. ಯಾರೋ, ಗಿರಣಿಯಿಂದ ನೇರ ಬಂದವಳೇ, ಮನೆಯಲ್ಲಿ ಜೆಲ್ಲಿ ಇಲ್ಲವೇ ಎಂದು ಕೂಗಿದರು. ಎನಿಫಾಳ ಕಿವಿ ಬಿಸಿಯಾಯಿತು. ಹದಿನೈದು ವರ್ಷ ಬೇರೆಯವರ ಮಕ್ಕಳಿಗೆ ತಾನು ಅಂದುಕೊಂಡದ್ದೇ ಈಗ ತನ್ನ ಮಗಳ ಮೇಲೆ ಬಂದು ಬಿದ್ದಿತ್ತು. ಅವಳು ಅತ್ತೆ ಹೊತ್ತು ತಂದಿದ್ದ ಮರಳಿನ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ತುಟಿ ಕಚ್ಚಿದಳು.

ಲಿನಿಯಾ ಚೆಂಡಿಗೆ ಫಟ್ಟೆಂದು ಹೊಡೆದಳು. ಚೆಂಡು ಹೋಯಿತು, ತಡಾಲಳ ಕೈ ಸೇರಿತು, ಉಂಗುರದೊಳಗೆ ಇಳಿಯಿತು. ನಗು ನಿಂತಿತು.

ಮೊದಲ ಪಾಳಿ ಮುಗಿದಾಗ ಎನಿಫಾ ಓಡಿದಳು. ಒರೆಸು, ಒಣಗಿಸು, ಹಚ್ಚು. ಬಿಡುವು ಇದ್ದದ್ದು ಮೂರೇ ನಿಮಿಷ, ಎರಡು ಕೈ ಎಲ್ಲಿಗೆ ಸಾಕು. ಎಡಗಾಲಿಗೆ ಬರುವಷ್ಟರಲ್ಲಿ ಸೀಟಿ ಊದಿಬಿಟ್ಟರು. ಎರಡನೇ ಬಿಡುವಿನಲ್ಲಿ ಲಿನಿಯಾ ತಾನು ನೀರು ಕುಡಿಯುವುದನ್ನೂ ಬಿಟ್ಟು ಬಂದು, ಚಿಕ್ಕಮ್ಮ, ಕಾಲು ನನಗೆ ಬಿಡಿ ಎಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಏಳು ಹುಡುಗಿಯರ ತಂಡದಲ್ಲಿ ಆರು ಜನ ತಡಾಲಳ ಸುತ್ತ ಮಂಡಿಯೂರಿ, ಒಬ್ಬೊಬ್ಬಳು ಒಂದೊಂದು ಅಂಗ ಹಂಚಿಕೊಂಡು ಹಚ್ಚತೊಡಗಿದರು. ಮೂಗು ಯಾರದ್ದು ಎಂದು ಜಗಳವೂ ಆಯಿತು. ತಡಾಲ ಕಚಗುಳಿಗೆ ನಗುತ್ತಿದ್ದಳು. ಎನಿಫಾ ಡಬ್ಬಿ ಹಿಡಿದು ಸುಮ್ಮನೆ ನಿಂತಳು. ಮಗಳ ಮೈಮೇಲೆ ಇಷ್ಟು ಜನರ ಕೈಯನ್ನು ಅವಳು ಈ ಹದಿನೈದು ವರ್ಷದಲ್ಲಿ ಕಂಡಿರಲಿಲ್ಲ. ಅವಳ ಕಣ್ಣು ತುಂಬಿತು, ಅದನ್ನು ಬೆವರೆಂದು ಒರೆಸಿಕೊಂಡಳು.

ಮೂರನೇ ಪಾಳಿ ಮುಗಿದಾಗ ಎರಡೂ ತಂಡದ್ದು ಹದಿನಾರು ಗೋಲು. ಹುಡುಗಿಯರು ಕೈಕಾಲು ನೋಡಿಕೊಂಡರು, ಎನಿಫಾ ಹಿಂದೆ ನಿಂತು ಕುತ್ತಿಗೆ ಒರೆಸಿದಳು. ಆಡುವ ಸ್ಥಾನ ತೋರಿಸಲು ಎದೆಗೆ ಕಟ್ಟುವ ಅಕ್ಷರದ ಪಟ್ಟಿಯ ದಾರ ಕತ್ತಿನ ಹಿಂಭಾಗದಲ್ಲಿ ಉಜ್ಜಿ ಉಜ್ಜಿ ಕ್ರೀಮನ್ನು ತಿಂದುಹಾಕಿತ್ತು. ಅಲ್ಲಿ ಹೆಬ್ಬೆರಳಷ್ಟು ಜಾಗ ಗುಲಾಬಿಯಾಗಿತ್ತು.

ಬೇರೆ ಯಾರೂ ನೋಡಿರಲಿಲ್ಲ. ಕೂದಲಿನ ಅಂಚಿನ ಕೆಳಗೆ, ಹುಡುಕಿದರೆ ಮಾತ್ರ ಕಾಣುವ ಜಾಗ. ಉಳಿದದ್ದು ಒಂದೇ ಪಾಳಿ. ಮೇಲೆ ಒಂದಿಷ್ಟು ಕ್ರೀಮು ಬಳಿದು ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರಿಲ್ಲ. ತಡಾಲ ತಲೆ ಬಗ್ಗಿಸಿಕೊಂಡೇ, ಆಯ್ತಾ ಅಮ್ಮ ಎಂದು ಕೇಳಿದಳು. ಆ ದನಿಯಲ್ಲಿ ಎಷ್ಟು ಆಸೆ ಇತ್ತೆಂದರೆ ಎನಿಫಾಳ ಕೈ ಡಬ್ಬಿಯೊಳಗೇ ನಿಂತಿತು. ಒಮ್ಮೆ ಇದೇ ಕೈ ಜನರ ಕಣ್ಣಿಗಾಗಿ ಮಗಳನ್ನು ಸುಟ್ಟಿದೆ. ಎರಡನೇ ಸಲ ಸುಡಲು ಅವಳಿಗೆ ಧೈರ್ಯ ಬರಲಿಲ್ಲ. ಅವಳು ನೇರ ಖೆಂಬೊ ಮೇಷ್ಟ್ರ ಬಳಿ ಹೋದಳು.

"ಕತ್ತಿನ ಹಿಂದೆ ಕೆಂಪಾಗಿದೆ ಮೇಷ್ಟ್ರೇ. ಹೆಬ್ಬೆರಳಷ್ಟು."

ಮೇಷ್ಟ್ರ ಮುಖ ಇಳಿಯಿತು. ಅವರಿಗೂ ಆ ಹೊತ್ತಿಗೆ ಟ್ರೋಫಿಯ ಆಸೆ ಹತ್ತಿತ್ತು. ಆದರೂ, ಕರಾರು ಕರಾರೇ ತಾನೇ ಎಂದು ನಿಧಾನವಾಗಿ ಹೇಳಿದರು. ಮೇಡಂ ಫೊಂಬೆ ಆಗಲೇ ಬದಲಿ ಹುಡುಗಿಯ ಕಡೆ ತಿರುಗುತ್ತಿದ್ದಳು.

"ಕರಾರು ಇದ್ದಿದ್ದು ಬಿಸಿಲಿಗೆ ಹೆದರಿ," ಎಂದಳು ಎನಿಫಾ. "ಅಲ್ಲಿಗೆ ಬಿಸಿಲೇ ಬೀಳದ ಹಾಗೆ ಮಾಡಿದ್ರೆ?"

ಉತ್ತರಕ್ಕೆ ಕಾಯದೆ ಅವಳು ಕೈ ಮೇಲೆತ್ತಿ ತನ್ನ ತಲೆಬಟ್ಟೆಯ ಗಂಟು ಬಿಚ್ಚಿದಳು. ಚರ್ಚಿನ ಹೆಂಗಸರ ಸಾಲಿನಲ್ಲಿ ಒಂದು ಸಣ್ಣ ಸದ್ದು ಎದ್ದಿತು. ಈ ಮೂರು ವಾರ ಅತ್ತೆಯ ಕೈಯಲ್ಲಿ ಜಡೆ ಹೆಣೆಸಿಕೊಳ್ಳಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ನರೆತ ಕೂದಲು ಅಲ್ಲಲ್ಲಿ ಎದ್ದು, ಅಲ್ಲಲ್ಲಿ ಚಪ್ಪಟೆಯಾಗಿ, ಎಣ್ಣೆ ಕಾಣದೆ ನಿಂತಿತ್ತು. ಮದುವೆಯಾದಂದಿನಿಂದ ಗಂಡ ಮತ್ತು ಅತ್ತೆಯನ್ನು ಬಿಟ್ಟರೆ ಅದನ್ನು ಯಾರೂ ಕಂಡವರಿರಲಿಲ್ಲ. ಎನಿಫಾ ಬಟ್ಟೆಯನ್ನು ಮಡಕೆಯ ಒದ್ದೆ ಮರಳಿನ ಮೇಲೆ ಒತ್ತಿ ತಂಪು ಮಾಡಿ, ಮಡಿಸಿ, ಮೇಡಂ ಫೊಂಬೆಯ ಕೈಗೆ ಕೊಟ್ಟಳು. ಮೇಡಂ ಅದನ್ನು ಅಂಪೈರಮ್ಮನಿಗೆ ತೋರಿಸಿದಳು. ಆಕೆ ಪಿನ್ನು ಇದೆಯೇ, ಗಂಟು ಹೊರಗೆ ತೂಗುತ್ತದೆಯೇ ಎಂದು ನೋಡಿ, ಕಾಲರಿನ ಒಳಗೆ ಸೇರಿಸಿದರೆ ಆಗಬಹುದು ಎಂದಳು. ನೀಲಿ ಹೂವಿನ ಬಟ್ಟೆ ತಡಾಲಳ ಕತ್ತಿನ ಸುತ್ತ ಚಪ್ಪಟೆಯಾಗಿ ಕೂತಿತು. ಮೇಷ್ಟ್ರು ಒಮ್ಮೆ ಆ ಕತ್ತನ್ನು ನೋಡಿದರು, ಒಮ್ಮೆ ಎನಿಫಾಳ ಬರಿದಾದ ತಲೆಯನ್ನು ನೋಡಿ ಥಟ್ಟನೆ ದೃಷ್ಟಿ ತಪ್ಪಿಸಿದರು. ಆಡಲಿ ಎಂದರು.

ಕೊನೆಯ ಪಾಳಿಯನ್ನು ನಾನು ಹೇಗೆ ವರ್ಣಿಸಲಿ. ಆ ಕಡೆ ಒಂದು, ಈ ಕಡೆ ಒಂದು. ಮೈನಾಲ ಎದುರಾಳಿಗಳ ಏಳು ತಲೆಮಾರನ್ನು ಹೆಸರಿಟ್ಟು ಬೈಯುತ್ತಿದ್ದಳು. ಇಪ್ಪತ್ತು ಇಪ್ಪತ್ತಾಗಿದ್ದಾಗ ಲಿನಿಯಾಗೆ ಮೂಲೆಯಲ್ಲಿ ಚೆಂಡು ಸಿಕ್ಕಿತು. ಗದ್ದಲ ಎಷ್ಟಿತ್ತೆಂದರೆ ಅವಳು ಹೊಡೆದ ಸದ್ದು ಕೇಳುವಂತಿರಲಿಲ್ಲ. ಅವಳು ಮತ್ತೊಮ್ಮೆ, ಮಗದೊಮ್ಮೆ ಹೊಡೆದಳು. ಚಿಕೊಂಬೆಯ ಜನಕ್ಕೆ ವಿಷಯ ಹೊಳೆಯಿತು. ಒಬ್ಬರನ್ನೊಬ್ಬರು ತಿವಿದುಕೊಂಡು ಇಡೀ ಸಾಲು ಒಮ್ಮೆಲೇ ಬಾಯಿ ಮುಚ್ಚಿತು. ಅವರನ್ನು ನೋಡಿ, ಏನಾಯಿತೆಂದು ತಿಳಿಯದೆ ಆ ಕಡೆಯವರೂ ಒಂದು ಗಳಿಗೆ ಸುಮ್ಮನಾದರು. ಫಟ್. ತಡಾಲ ಕೈ ಒಡ್ಡಿದಳು. ಚೆಂಡು ಬಂತು. ಅವಳು ಆತುರ ಮಾಡಲಿಲ್ಲ. ಮೊಣಕಾಲು ಒಂದಿಷ್ಟು ಬಗ್ಗಿಸಿ, ಕಾಣದ ಉಂಗುರವನ್ನು ಕಂಡವಳಂತೆ ಎತ್ತಿ ಬಿಟ್ಟಳು. ಚೆಂಡು ಅಂಚಿನ ಮೇಲೆ ಒಂದು ಸುತ್ತು ಹಾಕಿ ಒಳಗೆ ಬಿತ್ತು, ಅದು ನೆಲ ಮುಟ್ಟುವಾಗ ಕೊನೆಯ ಸೀಟಿ ಊದಿದರು.

ಬಹುಮಾನ ಕೊಡಲು ಬೋಮಾದ ಅಧಿಕಾರಿಯಮ್ಮ ಒಬ್ಬಳು ಬಂದಿದ್ದಳು. ಟ್ರೋಫಿ ಕೊಟ್ಟು, ಮೈಕು ಹಿಡಿದುಕೊಂಡೇ ತಡಾಲಳ ತೋಳನ್ನು ತಿರುಗಿಸಿ ನೋಡಿದಳು. ಧೂಳು ಹಿಡಿದ, ಬೆವರಿನ ಗೆರೆ ಬಿದ್ದ, ಹೊಳಪೇ ಇಲ್ಲದ ತೋಳು. ಅದರ ಮೇಲೆ ಎಲ್ಲಿಯೂ ಕೆಂಪಿರಲಿಲ್ಲ. ಇಂಥ ಬಿಸಿಲಲ್ಲಿ ನಾಲ್ಕು ಪಾಳಿ ನಿನ್ನನ್ನು ಹೀಗೆ ಕಾಪಾಡಿದವರು ಯಾರು, ತಾಯಿ ಬಂದಿದ್ದಾಳೆಯೇ, ಎಲ್ಲಿ ತೋರಿಸು ಎಂದಳು.

ತಡಾಲ ಜನರ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೆ ಕಂಡದ್ದು ಬಣ್ಣ ಬಣ್ಣದ ಮಂಜು.

"ನಂಗೆ ಅಷ್ಟು ದೂರ ಕಾಣಲ್ಲ ಮೇಡಂ," ಎಂದಳು. ಮೈಕಿನಲ್ಲಿ ಆ ಮಾತು ಇಡೀ ಮೈದಾನಕ್ಕೆ ಕೇಳಿಸಿತು. "ನೀವೇ ನೋಡಿ. ಆ ಹೆಂಗಸರಲ್ಲಿ ತಲೆಗೆ ಬಟ್ಟೆ ಇಲ್ದೇ ನಿಂತಿರೋಳು ಒಬ್ಬಳೇ ಇರ್ತಾಳೆ. ಅವಳೇ ನಮ್ಮಮ್ಮ."

ಮೈದಾನವೆಲ್ಲ ತಿರುಗಿ ನೋಡಿತು. ಎನಿಫಾಳ ಕೈ ತಾನಾಗಿಯೇ ಕೂದಲು ಮುಚ್ಚಲು ಅರ್ಧ ಮೇಲೆದ್ದಿತ್ತು. ಅವಳು ಅದನ್ನು ಕೆಳಗಿಳಿಸಿ, ಅಷ್ಟು ಜನಕ್ಕೂ ಕಾಣುವ ಹಾಗೆ ಒಂದು ಹೆಜ್ಜೆ ಮುಂದೆ ಬಂದು ನಿಂತಳು.